ಅಜ್ಜಂಪುರದ ರೇಟು

ಸನ್ಮಾನದ ಶಾಲು ಹೆಗಲ ಮೇಲೆ ಬಿದ್ದ ಕ್ಷಣವೇ ಹಾಲೇಶ್ ನಿರ್ಧರಿಸಿದ್ದ, ಶಶಿಧರನನ್ನು ಮುಗಿಸಬೇಕು ಎಂದು. ಪ್ರಾಣ ತೆಗೆಯುವುದಲ್ಲ, ಅದು ಒರಟರ ಕೆಲಸ. ಹೆಸರು, ಕುರ್ಚಿ, ಷೇರು ಎಲ್ಲ ಕಿತ್ತುಕೊಂಡು ಮನುಷ್ಯನನ್ನು ಉಸಿರಾಡಲು ಬಿಟ್ಟರೆ ಸಾಕು. ಉಳಿದದ್ದನ್ನು ಅವನೇ ಮಾಡಿಕೊಳ್ಳುತ್ತಾನೆ.

ಎಂಟು ವರ್ಷದ ಹಿಂದೆ ಅಜ್ಜಂಪುರದಾಚೆಯ ಆ ಬಯಲಿನಲ್ಲಿ ಜಾಲಿ ಗಿಡ ಬಿಟ್ಟರೆ ಏನೂ ಇರಲಿಲ್ಲ. ಕಂಪನಿ ಅಲ್ಲೊಂದು ಸೂಪರ್ ಕಂಪ್ಯೂಟರ್ ನಿಲ್ಲಿಸುತ್ತದೆ ಎಂದಾಗ ಬೆಂಗಳೂರಿನವರೇ ನಕ್ಕಿದ್ದರು. ಜಮೀನಿನವರನ್ನು ಒಪ್ಪಿಸಿದವನು, ಕರೆಂಟು ತಂದವನು, ಸಾವಿರಾರು ಕಂಪ್ಯೂಟರುಗಳನ್ನು ಒಂದೇ ಯಂತ್ರವಾಗಿ ಪೋಣಿಸಿ ನಿಲ್ಲಿಸಿದವನು ಹಾಲೇಶ್. ಮಳೆಯ ಲೆಕ್ಕ, ವಿಮಾನದ ರೆಕ್ಕೆಯ ಲೆಕ್ಕ, ಔಷಧದ ಅಣುಗಳ ಲೆಕ್ಕ ಎಲ್ಲ ಈಗ ಅಲ್ಲೇ ನಡೆಯುತ್ತಿತ್ತು. ಹಳೆಯ ಸಿಇಒ ಸಭೆ ಸಭೆಯಲ್ಲೂ ಹೇಳುತ್ತಿದ್ದರು, ನನ್ನ ನಂತರ ಹಾಲೇಶ್ ಎಂದು. ಅವರು ನಿವೃತ್ತರಾಗುವ ಹೊತ್ತಿಗೆ ಆಡಳಿತ ಮಂಡಳಿ ದೆಹಲಿಯಿಂದ ಒಂದು ಸಲಹಾ ಸಂಸ್ಥೆಯನ್ನು ಕರೆಸಿತು. ದೊಡ್ಡ ಹುದ್ದೆಗಳಿಗೆ ಎಂಥವರು ಬೇಕು, ಅವರಿಗೆ ಎಷ್ಟು ಕೊಡಬೇಕು ಎಂದು ಹೇಳುವುದೇ ಅದರ ಕಸುಬು.

ಇಂಥ ಯಂತ್ರಗಳ ಮುಖ್ಯಸ್ಥನನ್ನು ಸಿಂಗಪುರ, ಅಮೆರಿಕದವರ ಜೊತೆ ಹೋಲಿಸಿ ಸಂಬಳ ನಿಗದಿ ಮಾಡಬೇಕೆಂದು ಅದು ವರದಿ ಕೊಟ್ಟಿತು. ಹೈದರಾಬಾದಿನ ಔಷಧ ಕಂಪನಿಯೊಂದರಿಂದ ಶಶಿಧರ ಸಿಇಒ ಆಗಿ ಬಂದ. ಸೇರಿದ್ದಕ್ಕೇ ಒಂದು ಬೋನಸ್, ಬೆಂಗಳೂರಿನಲ್ಲಿ ಫ್ಲಾಟು, ಡ್ರೈವರ್ ಸಮೇತ ಕಾರು, ಮೇಲೆ ಕಂಪನಿಯ ಷೇರು. ಅದೇ ವರದಿಯಲ್ಲಿ ಹಾಲೇಶನ ಬಗ್ಗೆ ಒಂದೇ ಸಾಲು ಇತ್ತು: ವಾಸ ತರೀಕೆರೆ, ಕೆಲಸ ಅಜ್ಜಂಪುರ, ಆದ್ದರಿಂದ ಸ್ಥಳೀಯ ದರ. ಯಂತ್ರ ಒಂದೇ. ಅದರ ಪಕ್ಕ ನಿಂತವನಿಗೆ ಅಜ್ಜಂಪುರದ ರೇಟು, ವಾರಕ್ಕೆ ಎರಡು ದಿನ ಬಂದು ನೋಡಿ ಹೋಗುವವನಿಗೆ ಜಗತ್ತಿನ ರೇಟು. ಹಾಲೇಶನಿಗೆ ‘ಮುಖ್ಯ ಸಲಹೆಗಾರ’ ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೈಗಿಟ್ಟರು.

“ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚು ಕಣ್ರೀ ಹಾಲೇಶ್,” ಎಂದಿದ್ದ ಶಶಿಧರ ಒಂದು ದಿನ ಕ್ಯಾಂಟೀನಿನಲ್ಲಿ. “ತರೀಕೆರೇಲಿ ಸ್ವಂತ ಮನೆ, ತೆಂಗಿನಕಾಯಿ ಮನೇದು, ಟ್ರಾಫಿಕ್ ಇಲ್ಲ. ನಿಮಗೆ ದುಡ್ಡು ಯಾಕೆ ಬೇಕು ಹೇಳಿ?”

“ನಿಜ ಸಾರ್. ಇಟ್ಕೊಳ್ಳೋಕೆ ಜಾಗಾನೇ ಇಲ್ಲ.”

ಶಶಿಧರ ಟೇಬಲ್ ತಟ್ಟಿ ನಕ್ಕಿದ್ದ. ಹಾಲೇಶ್ ಕೂಡ ನಕ್ಕಿದ್ದ.

ಶಾಲಿನ ದಿನದ ಆ ನಿರ್ಧಾರವನ್ನೂ ಸೇರಿಸಿ ಇಷ್ಟನ್ನೂ ನುಂಗಿಕೊಳ್ಳಬಹುದಿತ್ತೇನೋ. ನುಂಗಲಾಗದ್ದು ಒಣಗಿಸುವ ಶೆಡ್ಡಿನ ವಿಷಯ. ಯಂತ್ರ ಉಗುಳುವ ಬಿಸಿಗಾಳಿ ಸುಮ್ಮನೆ ಆಕಾಶಕ್ಕೆ ಹೋಗುವುದನ್ನು ನೋಡಿ, ದಪ್ಪ ಕೊಳವೆ ಹಾಕಿಸಿ, ಬೇಲಿಯಾಚೆ ಒಂದು ಶೆಡ್ಡು ಕಟ್ಟಿಸಿದವನು ಅವನು. ಮೋಡ ಕವಿದ ದಿನಗಳಲ್ಲಿ ಸುತ್ತಲಿನ ಹೆಂಗಸರು ಅಲ್ಲಿ ಕೊಬ್ಬರಿ, ಮೆಣಸಿನಕಾಯಿ ಒಣಗಿಸಿಕೊಂಡು ಹೋಗುತ್ತಿದ್ದರು. ಆ ಶೆಡ್ಡಿಗೆ ದೊಡ್ಡ ಪ್ರಶಸ್ತಿ ಬಂತು. ವೇದಿಕೆಯಲ್ಲಿ ಶಶಿಧರ ‘ನಾನು ಕಂಡ ಕನಸು’ ಎಂದ. ಮೂರನೇ ಸಾಲಿನಲ್ಲಿ ಕೂತು ಹಾಲೇಶ್ ಚಪ್ಪಾಳೆ ತಟ್ಟಿದ. ಅಂಗೈ ಉರಿಯುವಷ್ಟು ತಟ್ಟಿದ.

ಅವತ್ತಿನಿಂದ ಅವನು ಕಡತದಲ್ಲಿ ಓದಿದ್ದ ಶಶಿಧರನ ನೇಮಕದ ಕರಾರನ್ನು ಮಂತ್ರದಂತೆ ಮನಸ್ಸಿನಲ್ಲಿ ಹೇಳಿಕೊಳ್ಳತೊಡಗಿದ. ಅದರಲ್ಲೊಂದು ಷರತ್ತಿತ್ತು. ಯಂತ್ರವನ್ನು ಸ್ವಂತಕ್ಕೋ ಬೇರೆ ಕಂಪನಿಗೋ ಕದ್ದು ಬಳಸಿದ್ದು ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಕೊಟ್ಟ ಬೋನಸ್ಸು, ಷೇರು ಎಲ್ಲ ವಾಪಸ್, ಮೇಲೆ ಪೊಲೀಸ್ ದೂರು. ಹಾಗೆ ಹೊರಬಿದ್ದವನನ್ನು ಈ ಕ್ಷೇತ್ರದಲ್ಲಿ ಇನ್ನು ಯಾರೂ ಬಾಗಿಲೊಳಗೆ ಬಿಡುವುದಿಲ್ಲ.

ದಾರಿ ಅಲ್ಲೇ ಇತ್ತು.

ಶಶಿಧರನ ಹಳೆಯ ಕಂಪನಿ ಹಿಂದೊಮ್ಮೆ ಯಂತ್ರವನ್ನು ಪರೀಕ್ಷಿಸಲು ಒಂದು ಭಾರೀ ಲೆಕ್ಕವನ್ನು ಕಳಿಸಿತ್ತು. ಅದರ ಪ್ರತಿ ಹಾಲೇಶನ ಬಳಿ ಉಳಿದಿತ್ತು. ಆ ಲೆಕ್ಕವನ್ನು ಶಶಿಧರನ ಹೆಸರಿನಲ್ಲಿ ಇಡೀ ಯಂತ್ರದ ಮೇಲೆ ಓಡಿಸಿದರೆ, ಹಳೆಯ ಧಣಿಗೆ ಹೊಸ ಮನೆಯ ಗೋಡೆ ಕೊರೆದು ಕೊಟ್ಟಂತೆ ಕಾಣುತ್ತದೆ. ಹೆಸರು ಬಳಸಲು ಅವನ ಪಾಸ್‌ವರ್ಡ್ ಬೇಕಿರಲಿಲ್ಲ. ಯಂತ್ರ ಹುಟ್ಟಿದಾಗಿನಿಂದ ಅದರ ಮೂಲ ಕೀಲಿ ಹಾಲೇಶನ ಕೈಯಲ್ಲೇ ಇತ್ತು. ಆ ಕೀಲಿ ಇರುವವನು ಯಾರ ವೇಷವನ್ನಾದರೂ ಹಾಕಬಹುದು, ವೇಷ ಹಾಕಿದ ಗುರುತನ್ನೂ ಒರೆಸಬಹುದು.

ವರ್ಷಕ್ಕೊಮ್ಮೆ ದುರಸ್ತಿಗೆಂದು ಶನಿವಾರ, ಭಾನುವಾರ ಯಂತ್ರವನ್ನು ಪೂರ್ತಿ ನಿಲ್ಲಿಸುತ್ತಿದ್ದರು. ಗಿರಾಕಿಗಳ ಕೆಲಸ ಬಂದ್, ಸಿಬ್ಬಂದಿಗೆ ರಜೆ. ಈ ಸಲದ ಶನಿವಾರ ಶಶಿಧರ ಅಲ್ಲಿಗೆ ಒಬ್ಬನೇ ಬಂದು ಮಂಡಳಿಯ ಭಾಷಣ ತಯಾರಿಸುವವನಿದ್ದ. ಭಾನುವಾರ ಅವನು ಬೆಂಗಳೂರಿನಲ್ಲಿ ಮದುವೆಯೊಂದರಲ್ಲಿ ಸಾವಿರ ಜನರ ಕಣ್ಣೆದುರು ಇರಲಿದ್ದ. ಹಾಗಾಗಿ ಕಳ್ಳತನ ಆಗಬೇಕಾದದ್ದು ಶನಿವಾರ. ಆದರೆ ಶನಿವಾರ ಓಡಿಸಿದರೆ ಅದರ ಮೊರೆತ ಶಶಿಧರನ ಕಿವಿಗೇ ಬೀಳುತ್ತದೆ. ಆದ್ದರಿಂದ ಭಾನುವಾರ ಓಡಿಸಿ ಶನಿವಾರದ್ದೆಂದು ತೋರಿಸಬೇಕು.

ಸುಳ್ಳನ್ನು ಹೊಸದಾಗಿ ಹುಟ್ಟಿಸುವವರು ಸಿಕ್ಕಿಬೀಳುತ್ತಾರೆ. ನಿಜವನ್ನೇ ಒಂದು ದಿನ ಹಿಂದಕ್ಕೆ ಸರಿಸುವವನು ಸಿಕ್ಕಿಬೀಳುವುದಿಲ್ಲ. ಯಂತ್ರದ ಅಷ್ಟೂ ಭಾಗಗಳು ಒಂದೇ ತಾಯಿ ಗಡಿಯಾರವನ್ನು ನಂಬುತ್ತಿದ್ದವು. ಅದನ್ನು ಒಂದು ದಿನ ಹಿಂದಿಟ್ಟು ಲೆಕ್ಕ ಓಡಿಸುವುದು, ಮುಗಿದ ಮೇಲೆ ಮುಂದಿಡುವುದು, ಶನಿವಾರದ ನಿಜವಾದ ಮೌನವನ್ನು ಕತ್ತರಿಸಿ ಭಾನುವಾರದ ಜಾಗಕ್ಕೆ ಅಂಟಿಸುವುದು. ಅಷ್ಟೇ ಕೆಲಸ.

ಒಂದೊಂದೇ ಸಂದನ್ನು ಅವನು ಮುಚ್ಚುತ್ತ ಬಂದ. ಕರೆಂಟಿನವರು ನೋಡುವುದು ತಿಂಗಳ ಒಟ್ಟನ್ನು. ದಿನ ಬದಲಾದರೆ ಒಟ್ಟು ಬದಲಾಗುವುದಿಲ್ಲ. ಒಳಗಿನ ಮೀಟರು, ನೀರಿನ ಹರಿವು, ಶಾಖದ ಅಂಕಿ ಎಲ್ಲವೂ ತಾಯಿ ಗಡಿಯಾರದ ಮಕ್ಕಳೇ. ಕ್ಯಾಮೆರಾಗಳಿಗೆ ಆ ಎರಡು ದಿನ ದುರಸ್ತಿಯ ಹೆಸರಿನಲ್ಲಿ ರಜೆ. ಗೇಟು ಹೆದ್ದಾರಿ ಬದಿಗೆ, ಕಟ್ಟಡದಿಂದ ದೂರ. ಲಾರಿಗಳ ಸದ್ದಿನಲ್ಲಿ ಕಾವಲುಗಾರ ಉಗ್ರಪ್ಪನಿಗೆ ತನ್ನ ಮೊಬೈಲಿನ ಸಿನಿಮಾವೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಯಾರಾದರೂ ಹತ್ತಿರ ಸುಳಿದು ಮೊರೆತ ಕೇಳಿಸಿಕೊಂಡರೆ? ಅದಕ್ಕೂ ಉತ್ತರವಿತ್ತು. ಭಾನುವಾರ ಫ್ಯಾನುಗಳ ಪರೀಕ್ಷೆ ಎಂದು ಮೊದಲೇ ಎಲ್ಲರಿಗೂ ತಿಳಿಸಿಟ್ಟ. ಫ್ಯಾನು ತಿರುಗಿದರೆ ಸದ್ದು ಬರುತ್ತದೆ, ಯಂತ್ರ ಓಡಿದಂತಾಗುವುದಿಲ್ಲ. ಶೆಡ್ಡಿನ ಹೆಂಗಸರಿಗೂ ಶುಕ್ರವಾರವೇ ಹೇಳಿಸಿದ, ಎರಡು ದಿನ ಬಿಸಿಗಾಳಿ ಇರುವುದಿಲ್ಲ, ಯಾರೂ ಬರಬೇಡಿ ಎಂದು.

ಇನ್ನು ಅವನೇ ಭಾನುವಾರ ಅಲ್ಲಿರುವುದಕ್ಕೆ ಒಂದು ಹಗುರಾದ ನೆಪ ಬೇಕಿತ್ತು. ಅದು ಮನೆಯಲ್ಲೇ ಸಿಕ್ಕಿತು. ತಾಯಿ ಯಲ್ಲಮ್ಮ ಅಜ್ಜಂಪುರದ ತಂಗಿಯ ಮನೆಗೆ ಹೋಗಬೇಕೆಂದು ತಿಂಗಳಿಂದ ಹಟ ಹಿಡಿದಿದ್ದಳು. ಅವ್ವನನ್ನು ಚಿಕ್ಕಮ್ಮನ ಮನೆಗೆ ಬಿಟ್ಟು, ಬಂದದ್ದಾಯಿತು ಅಂತ ಫ್ಯಾನು ನೋಡಿ ಹೋಗುವ ಮಗ. ಇದಕ್ಕಿಂತ ನಿರಪರಾಧಿಯಾದ ಚಿತ್ರ ಬೇರೊಂದಿರಲಾರದು.

ಭಾನುವಾರ ಬೆಳಿಗ್ಗೆ ಯಲ್ಲಮ್ಮ ದೊಡ್ಡದೊಂದು ಬೂದುಗುಂಬಳಕಾಯಿಯನ್ನು ಹೊಸ್ತಿಲಿಗೆ ಉರುಳಿಸಿ ತಂದಳು. “ಖಾಲಿ ಕೈಲಿ ಹೋಯ್ತಾರೇನೋ? ಎತ್ಕೋ ಮಗ.”

ಅವನು ಅದನ್ನು ಹೆಗಲಿಗೇರಿಸಿ ಡಿಕ್ಕಿಗೆ ಹಾಕಿದ. ಶರ್ಟಿನ ಹೆಗಲಿಗೆ ಬೂದಿ ಮೆತ್ತಿತ್ತು.

“ನೋಡತ್ತೆ, ಕುಂಬಳಕಾಯಿ ಕಳ್ಳ ಇದ್ದಂಗವ್ರೆ,” ಎಂದು ಹೆಂಡತಿ ವಿದ್ಯಾಶ್ರೀ ನಕ್ಕಳು.

“ಥೂ, ನನ್ ಮಗ ಯಾಕ್ ಕಳ್ಳ ಆಗ್ತಾನೆ ಸುಮ್ಕಿರೇ,” ಎಂದು ಯಲ್ಲಮ್ಮ ಸೆರಗಿನಿಂದ ಅವನ ಹೆಗಲು ಒರೆಸಿದಳು.

ದಾರಿಯುದ್ದಕ್ಕೂ ಮೋಡ. ತಿರುವಿಗೊಮ್ಮೆ ಕುಂಬಳಕಾಯಿ ಹಿಂದೆ ಗುಡುಗುಡು ಉರುಳುತ್ತಿತ್ತು. ಅವ್ವನನ್ನು ಇಳಿಸಿ ಅವನು ಕೇಂದ್ರಕ್ಕೆ ಹೋದ. ಗಡಿಯಾರ ಹಿಂದೆ ಸರಿಯಿತು. ಶಶಿಧರನ ಹೆಸರು ಹೊತ್ತು ಯಂತ್ರ ಎದ್ದಿತು. ಗಾಜಿನಾಚೆ ಸಾಲು ಸಾಲು ದೀಪಗಳು ಮಿನುಗುವುದನ್ನು ನೋಡುತ್ತ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಇದು ನನ್ನದು ಎನಿಸಿತು ಅವನಿಗೆ. ಸಂಜೆಯೊಳಗೆ ಲೆಕ್ಕ ಮುಗಿಯಿತು. ಗುರುತು ಒರೆಸಿ, ಮೌನವನ್ನು ಅಂಟಿಸಿ, ಗಡಿಯಾರ ಸರಿಪಡಿಸಿ, ಚಿಕ್ಕಮ್ಮನ ಮನೆಗೆ ಹೋದ. ಯಲ್ಲಮ್ಮ ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು ಕಾರಿನಲ್ಲಿ ಕೂತಳು. ಅವಳ ಮುಖ ಅರಳಿತ್ತು.

“ಇವತ್ತು ನಿನ್ನಿಂದ ಭಾಳ ಉಪ್ಕಾರ ಆಯ್ತು ಕಣಪ್ಪ.”

“ಕಾರ್ ಇದ್ಮೇಲೆ ಕರ್ಕೊಂಡೋಗಕ್ಕೇನವ್ವ,” ಎಂದ ಅವನು. ಯಲ್ಲಮ್ಮ ಏನೋ ಗುಟ್ಟು ಬಲ್ಲವಳಂತೆ ನಕ್ಕು ಡಬ್ಬಿಯ ಮುಚ್ಚಳ ಒತ್ತಿದಳು. ಅವನು ಅದನ್ನು ಗಮನಿಸಲಿಲ್ಲ. ಅವನ ತಲೆಯಲ್ಲಿ ಒರೆಸಿದ ಸಾಲುಗಳೇ ಮತ್ತೆ ಮತ್ತೆ ಓಡುತ್ತಿದ್ದವು.

ಅವನು ಯಾರಿಗೂ ದೂರು ಕೊಡಲಿಲ್ಲ. ದೂರು ಕೊಟ್ಟವನ ಮೇಲೆಯೇ ಮೊದಲ ಕಣ್ಣು ಬೀಳುವುದು. ತಿಂಗಳ ಕೊನೆಯಲ್ಲಿ ಲೆಕ್ಕಪರಿಶೋಧನೆಯ ಸ್ಫೂರ್ತಿ ಎಂಬ ಹುಡುಗಿಯೇ, ಬಿಲ್ ಇಲ್ಲದೆ ಓಡಿದ ಶನಿವಾರದ ಕೆಲಸವನ್ನು ಹುಡುಕಿ ಆಡಳಿತ ಮಂಡಳಿಯ ಅಧ್ಯಕ್ಷೆ ಯಶೋದಾ ಅವರ ಮುಂದಿಟ್ಟಳು. ವಿಚಾರಣೆಯಲ್ಲಿ ಶಶಿಧರ ಬೆವರಿದ.

“ಶನಿವಾರ ಮೆಷಿನ್ ಸೈಲೆಂಟ್ ಆಗಿತ್ತು ಮೇಡಂ. ನಾನು ಅಲ್ಲೇ ಇದ್ದೆ.”

“ನೀವು ಅಲ್ಲೇ ಇದ್ರಿ ಅನ್ನೋದೇ ನಮ್ಮ ಕಷ್ಟ,” ಎಂದರು ಯಶೋದಾ.

ಅವನ ಪರ ಮಾತಾಡಿದವನು ಹಾಲೇಶ್ ಒಬ್ಬನೇ. “ಏನೋ ತಪ್ಪು ತಿಳುವಳಿಕೆ ಇರ್ಬೇಕು ಮೇಡಂ, ಪಾಪ,” ಎಂದ. ಆ ‘ಪಾಪ’ ಶಶಿಧರನ ಮುಖಕ್ಕೆ ತಾಗಿದ್ದನ್ನು ನೋಡಿ ಅವನಿಗೆ ಒಳಗೆಲ್ಲ ತಂಪಾಯಿತು. ವಾರದಲ್ಲಿ ಶಶಿಧರನನ್ನು ಮನೆಗೆ ಕಳಿಸಿದರು. ಷೇರು ವಾಪಸ್, ಬೋನಸ್ ವಾಪಸ್. ಫ್ಲಾಟಿನಿಂದ ಸಾಮಾನು ಇಳಿಸುವಾಗ ಡ್ರೈವರ್ ಕೂಡ ಕೈ ಹಾಕಲಿಲ್ಲವಂತೆ. ಪೊಲೀಸರಿಗೆ ಕೊಡುವ ದೂರು ಮಾತ್ರ ಯಶೋದಾ ಅವರ ಸಹಿಗೆ ಕಾಯುತ್ತಿತ್ತು.

ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಯಶೋದಾ ತರೀಕೆರೆಯ ಮನೆಗೆ ತಾವೇ ಬಂದರು. ಕೈಯಲ್ಲಿ ಸಿಇಒ ನೇಮಕದ ಪತ್ರವಿತ್ತು. ಸಂಬಳ ಜಗತ್ತಿನ ರೇಟಿನದ್ದೇ. “ಮೊದಲೇ ನಿಮಗೆ ಕೊಡಬೇಕಿತ್ತು. ನಮ್ಮದೇ ತಪ್ಪು,” ಎಂದರು. ಹಾಲೇಶ್ ತಲೆ ತಗ್ಗಿಸಿದ. ಎಷ್ಟು ತಗ್ಗಿಸಬೇಕೆಂದು ಮೊದಲೇ ಯೋಚಿಸಿಟ್ಟಿದ್ದ. ವಿದ್ಯಾಶ್ರೀ ಎಲೆ ಹಾಕಿದಳು. ಅನ್ನ, ಸಾರು, ಅವರೆಕಾಳಿನ ಪಲ್ಯ. ಯಲ್ಲಮ್ಮ ಎಣ್ಣೆಯಿಂದ ಆಗಷ್ಟೇ ತೆಗೆದ ಸಂಡಿಗೆಯನ್ನು ತಂದು ಅಧ್ಯಕ್ಷೆಯ ಎಲೆಗೆ ಬಡಿಸಿದಳು.

ಯಶೋದಾ ಒಂದು ಕಡಿದು, “ಎಷ್ಟು ಗರಿಗರಿ! ಈ ಮೋಡದಲ್ಲಿ ಹೇಗಮ್ಮ ಒಣಗಿಸಿದ್ರಿ?” ಎಂದರು. ಯಲ್ಲಮ್ಮ ಅದಕ್ಕೇ ಕಾದಿದ್ದವಳಂತೆ ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ಕೂತಳು. “ಇಷ್ಟ್ ದಿನ ಬಾಯ್ ಬಿಟ್ಟಿರ್ಲಿಲ್ಲ ತಾಯಿ. ಕಂಪ್ನಿ ಕರೆಂಟು, ಯಾರಾದ್ರೂ ಏನಾದ್ರೂ ಅಂದಾರು ಅಂತ. ಈಗ ಇವ್ನೇ ಯಜಮಾನ ಆದ್ನಲ್ಲ, ಹೇಳಿದ್ರೇನು? ಅವತ್ತು ಭಾನ್ವಾರ ತಂಗಿ ಮನೇಲಿ ಸಂಡಿಗೆ ಕಲ್ಸಿ ಕೂತಿದ್ದೆ. ಮಿಷನ್ ನಿಲ್ಸವ್ರೆ, ಎರಡ್ ದಿನ ಬಿಸಿ ಗಾಳಿ ಇಲ್ವಂತೆ ಅಂದ್ಲು ಅವ್ಳು. ನನ್ ಮಗ ಅಲ್ಲೇ ಅವ್ನಲ್ಲ, ನೋಡೇ ಬಿಡಾಣ ಬಾ ಅಂತ ಆಟೋದಾಗೆ ಶೆಡ್‌ಗೆ ಹೋದ್ವಿ. ಬಾಗ್ಲು ತೆಗ್ದ್ರೆ ಮುಖಕ್ಕೆ ಹೊಡೀತು ತಾಯಿ, ಕೆಂಡದಂಥ ಗಾಳಿ! ನಿಮ್ ಫ್ಯಾನಿನ ಬರೀ ಗಾಳಿ ಅಲ್ಲ. ಸಂಜೆಗೆ ಒಣಗಿ ಗಲಗಲ ಅಂತಿತ್ತು. ಬಾಯ್ಬಿಟ್ಟು ಕೇಳಿರ್ಲಿಲ್ಲ ಕಣವ್ವ, ಈ ಮುದುಕಿಗೋಸ್ಕರ ಇಡೀ ಮಿಷನ್ನೇ ಓಡಿಸ್ಬಿಟ್ಟ ನನ್ ಮಗ.” ಯಶೋದಾ ಅವರ ಬಾಯಿಯಲ್ಲಿ ಸಂಡಿಗೆಯ ಸದ್ದು ನಿಂತಿತು. ಕಡಿದು ಉಳಿದ ತುಂಡನ್ನು ಅವರು ಎಲೆಯ ಅಂಚಿಗೆ ಮೆಲ್ಲಗೆ ಇಟ್ಟು, ನೇಮಕದ ಪತ್ರವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, ಹಾಲೇಶನ ಮುಖವನ್ನೇ ನೋಡತೊಡಗಿದರು. ಅದು ಬೂದುಗುಂಬಳದ ಸಂಡಿಗೆ. ಹಾಲೇಶನ ಕೈ, ಅವನಿಗೆ ಅರಿವಿಲ್ಲದಂತೆ, ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡಿತು.