ಒಂಬತ್ತು ಪಿನ್ನಿನ ಹಸಿರು ಪರದೆ

"ಕೈ ತೆಗೀರಿ!"

ಆ ಕೂಗಿಗೆ ಅವಳ ಕೈಯಲ್ಲಿದ್ದ ಕೇಬಲ್ ಬಿದ್ದೇ ಹೋಯಿತು. ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಆ ಪುಟ್ಟ ಅಂಗಡಿಗೆ ಅವಳು ಆಗಷ್ಟೇ ಮಾನಿಟರ್ ಹೊತ್ತು ತಂದು, ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಅದರ ಕೇಬಲ್ ಚುಚ್ಚಲು ಹೊರಟಿದ್ದಳು. ಮುಖ ಊದಿಸಿಕೊಂಡಳು.

"ಇದು ನಮ್ಮ ದೊಡ್ಡಮ್ಮನ ಮಾನಿಟರ್. ನಾನು ಮುಟ್ಟಬಾರದಾ?"

"ಮುಟ್ಟಿ. ಸಿಕ್ಕ ಕಡೆ ಚುಚ್ಚಬೇಡಿ ಅಷ್ಟೇ." ರಿಪೇರಿಯವನ ದನಿ ಇಳಿಯಿತು. "ನಿಮ್ಮ ಪ್ಲಗ್ಗಿಗೆ ಒಂಬತ್ತು ಪಿನ್. ಈ ಕಂಪ್ಯೂಟರ್ ಹಿಂದೆ ಒಂಬತ್ತು ತೂತು. ಸರಿಯಾಗಿ ಕೂರತ್ತೆ. ಆದ್ರೆ ಇದರೊಳಗಿರೋದು ಬಣ್ಣದ ಪರದೆಗೆ ಚಿತ್ರ ಕಳಿಸೋ ಕಾರ್ಡು, ನಿಮ್ಮದು ಹಸಿರು ಅಕ್ಷರದ ಪರದೆ. ಆನ್ ಮಾಡಿದ್ರೆ ಕೀಂ ಅನ್ನತ್ತೆ, ಆಮೇಲೆ ಹೊಗೆ."

ಅವಳ ಸಿಟ್ಟು ಅಲ್ಲೇ ಕರಗಿತು. ದೊಡ್ಡಮ್ಮ ಟೈಪಿಸ್ಟ್ ಆಗಿ ದುಡಿದು ಅವಳನ್ನು ಸಾಕಿದ್ದು ಇದೇ ಪರದೆಯ ಮುಂದೆ ಕೂತು. ಅದು ಇನ್ನೊಮ್ಮೆ ಬೆಳಗುವುದನ್ನು ನೋಡಬೇಕೆಂಬುದು ದೊಡ್ಡಮ್ಮನ ಆಸೆ. ಸುಟ್ಟುಹೋದರೆ ಇಂಥದ್ದು ಮತ್ತೆಲ್ಲಿ ಸಿಗುತ್ತದೆ?

ಸರಿಯಾದ ಕಾರ್ಡಿಗಾಗಿ ಹುಡುಕಾಟ ಶುರುವಾಯಿತು. ಪ್ರತಿ ಶನಿವಾರ ಅವಳು ಬಂದು ಪೆಟ್ಟಿಗೆಗಳನ್ನು ತಡಕಾಡುವಳು. ಮೂರು ಸಾಲಿನಲ್ಲಿ ಹದಿನೈದು ಪಿನ್ ಇದ್ದರೆ ಈಚಿನ ಕಾಲದ್ದು, ಎರಡೇ ಸಾಲಾದರೆ ಬೇರೆ ಜಾತಿಯ ಕಂಪ್ಯೂಟರಿನದು. ಕಲಿಸುತ್ತಾ ಕಲಿಸುತ್ತಾ ಅವನ ಕಣ್ಣು ಪಿನ್ ಬಿಟ್ಟು ಅವಳ ಬೆರಳ ಮೇಲೆ ನಿಲ್ಲುತ್ತಿತ್ತು. ಅವಳು ತಲೆ ಎತ್ತಿದ ಕೂಡಲೇ ಮತ್ತೆ ಪಿನ್ನಿಗೆ ಓಡುತ್ತಿತ್ತು.

ಅವನಾದರೋ ಏನನ್ನೇ ಜೋಡಿಸುವ ಮೊದಲು ಮೂರು ಸಲ ತಿರುಗಿಸಿ ನೋಡುವವನು.

"ಊಟಕ್ಕೆ ಕೂತ್ರೂ ತಟ್ಟೇನ ಹೀಗೇ ತಿರುಗಿಸ್ತೀರಾ?"

"ಹಸಿವಾದ್ರೆ ಎರಡೇ ಸಲ."

ಕೊನೆಗೂ ಕಾರ್ಡು ಸಿಕ್ಕಿತು. ಅವನು ಅದನ್ನು ಬಣ್ಣದ ಕಾರ್ಡಿದ್ದ ಕಂಪ್ಯೂಟರಿನ ಪಕ್ಕದ ಇನ್ನೊಂದಕ್ಕೆ ಹಾಕಿಟ್ಟಿದ್ದ. ಖುಷಿಪಡಬೇಕಾದ ಆ ಶನಿವಾರ ಇಬ್ಬರೂ ಇಲ್ಲದ ಧೂಳು ಒರೆಸುತ್ತಾ ಹೊತ್ತು ಕಳೆದರು. ಆರಿದ ಪರದೆಯ ಗಾಜಿನಲ್ಲಿ ಮುಖ ನೋಡಿಕೊಂಡು ಅವಳು ಕೂದಲು ಸರಿಮಾಡಿಕೊಂಡಳು. ಅದೇ ಗಾಜಿನಲ್ಲಿ ಅವನ ಕಣ್ಣು ಸಿಕ್ಕಿತು. ಈ ಸಲ ಅದು ಓಡಲಿಲ್ಲ. ನೋಡುತ್ತಲೇ ಪ್ಲಗ್ ಚುಚ್ಚಿದ, ಸ್ವಿಚ್ ಒತ್ತಿದ.

ಕೀಂ...

ಅವಳು ಹಾರಿ ಸ್ವಿಚ್ ಆರಿಸಿದಳು. "ಅದು ಬಣ್ಣದ್ದು ಕಣ್ರೀ! ನೀವೇ ಹೇಳಿಕೊಟ್ಟಿದ್ದಲ್ವಾ?"

ಅವನ ಮುಖ ಬಿಳಿಚಿಕೊಂಡಿತ್ತು. "ಇದು ಸರಿಹೋದ್ರೆ ನೀವು ಇನ್ನು ಬರಲ್ಲ ಅಂತ ಯೋಚಿಸ್ತಿದ್ದೆ. ಕೈ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಅವಳಿಗೆ ಅಳು ಒತ್ತರಿಸಿ ಬಂತು. ದೊಡ್ಡಮ್ಮನಿಗೆ ಏನು ಹೇಳುವುದು? ಇವನನ್ನು ಬೈಯಬೇಕು ಅನ್ನಿಸಿತು, ಬೈಯಲು ಮನಸ್ಸು ಬರಲಿಲ್ಲ. ಕಣ್ಣೊರೆಸಿಕೊಂಡು ಪ್ಲಗ್ ಕಿತ್ತಳು. ಪಕ್ಕದ ಕಂಪ್ಯೂಟರಿನ ಕಾರ್ಡನ್ನು ಒಂದು ಸಲ, ಎರಡು ಸಲ, ಮೂರು ಸಲ ನೋಡಿ ಅದಕ್ಕೆ ಪ್ಲಗ್ ಜೋಡಿಸಿದಳು. ಸ್ವಿಚ್ ಒತ್ತುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

ಸದ್ದಿಲ್ಲ. ನಿಧಾನಕ್ಕೆ, ಮೂಲೆಯಲ್ಲಿ, ಹಸಿರು ಗೆರೆಯೊಂದು ಮಿಟುಕತೊಡಗಿತು.

"ಕಣ್ಣು ಬಿಡಿ," ಎಂದಳು.

ಅವನು ಉಸಿರು ಬಿಟ್ಟ. "ನಾಳೆ ನಾನೇ ಮನೆಗೆ ತಂದುಕೊಡ್ತೀನಿ."

"ಬೇಡ. ದೊಡ್ಡಮ್ಮನ್ನೇ ಇಲ್ಲಿಗೆ ಕರ್ಕೊಂಡು ಬರ್ತೀನಿ. ಪರದೇನೂ ನೋಡ್ಲಿ, ನಿಮ್ಮನ್ನೂ ನೋಡ್ಲಿ."

"ನನ್ನನ್ನಾ?"

"ಹೂಂ. ಅವಳೂ ನಿಮ್ಮ ಥರಾನೇ. ಮೂರು ಸಲ ತಿರುಗಿಸಿ ನೋಡ್ತಾಳೆ, ರೆಡಿಯಾಗಿರಿ."