ಪರದೆಯ ಹಿಂದಿನ ತೊಟ್ಟಿಲು

ಕಾರ್ಡು ಮೊದಲ ಬೆಂಚಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಬಂತು. ಅಲ್ಲಿ ಕೂತಿದ್ದ, ಎಲ್ಲರೂ ರೇಡಿಯೋ ಎಂದು ಕರೆಯುವ ಹುಡುಗಿ ಅದನ್ನು ಒಮ್ಮೆ ನೋಡಿದವಳೇ ಕೆಂಡ ಮುಟ್ಟಿದ ಹಾಗೆ ಪಕ್ಕದವಳ ಕೈಗೆ ದಾಟಿಸಿಬಿಟ್ಟಳು.

ಕಾರ್ಡಿನಲ್ಲಿ ಒಂದು ಮಗುವಿನ ಫೋಟೋ ಇತ್ತು. ಮುಖದ ತುಂಬ ಗುಳ್ಳೆ. ಇಂಥ ಮಗುವನ್ನು ಎಲ್ಲಾದರೂ ನೋಡಿದ್ದೀರಾ ಎಂದು ಮಿಸ್ ಕೇಳಿದರು. ಅವರ ಪಕ್ಕದಲ್ಲಿ, ಬಿಸಿಲಿಗೆ ಮೂಗು ಸುಲಿದು ಕೆಂಪಾಗಿದ್ದ ಡಾಕ್ಟರಮ್ಮ ನಿಂತಿದ್ದರು. ಸಮುದ್ರ ದಾಟಿ ಬಂದವರು. ಇಲ್ಲಿಯ ಭಾಷೆಯಲ್ಲಿ ಅವರು ಕಲಿತದ್ದು ಒಂದೇ ಮಾತು, 'ಹೆದರಬೇಡ'. ಅದೂ ಅವರ ಬಾಯಲ್ಲಿ 'ಎದ್ದೋಡಬೇಡ' ಆಗುತ್ತಿತ್ತು. ಮಕ್ಕಳು ಮುಸಿಮುಸಿ ನಗುತ್ತಿದ್ದರು.

ಇದು ತುಂಬ ಹಿಂದಿನ ಮಾತು. ಆಗಿನ್ನೂ ಭೂಮಿಯ ಮೇಲೆ ಸಿಡುಬು ಇತ್ತು. ಅದನ್ನು ಹುಡುಕಿ ಹುಡುಕಿ ಮುಗಿಸಬೇಕೆಂದು ಎಷ್ಟೋ ದೇಶಗಳು ಕೈಜೋಡಿಸಿದ್ದವು. ಡಾಕ್ಟರು ಒಂದು ದೇಶದವರು, ಲಸಿಕೆ ಇನ್ನೊಂದು ದೇಶದ್ದು, ಜೀಪು ಮತ್ತೊಂದು ದೇಶದ್ದು. ಜೀಪಿನ ಹಾರ್ನ್ ಮಾತ್ರ ಯಾವ ದೇಶದ್ದೋ, ಕೋಳಿ ಕೂಗಿದ ಹಾಗೆ ಕೂಗುತ್ತಿತ್ತು.

ಕಿವಿಗೆ ಬಿದ್ದದ್ದನ್ನೆಲ್ಲ ಬೀದಿಗೆ ಬಿತ್ತರಿಸುತ್ತಾಳೆ ಎಂದೇ ಆ ಹುಡುಗಿಗೆ ರೇಡಿಯೋ ಎಂಬ ಹೆಸರು ಅಂಟಿಕೊಂಡಿತ್ತು. ಆದರೆ ಎರಡು ದಿನದಿಂದ ಅವಳು ಒಂದು ಗುಟ್ಟನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಹೊಲಿಗೆ ಹಾಕುವ ಚಿಕ್ಕಮ್ಮನ ಮನೆಯಲ್ಲಿ, ಒಳಕೋಣೆಯ ಪರದೆಯ ಹಿಂದೆ, ತೊಟ್ಟಿಲಲ್ಲಿದ್ದ ಪಾಪುವಿನ ಮುಖ ಥೇಟ್ ಆ ಕಾರ್ಡಿನ ಮುಖದಂತೆಯೇ ಇತ್ತು.

"ಯಾರಿಗೂ ಹೇಳ್ಬೇಡ" ಎಂದಿದ್ದಳು ಚಿಕ್ಕಮ್ಮ, ಅವಳ ಕೈ ಹಿಡಿದು. "ಗೊತ್ತಾದ್ರೆ ಊರಾಚೆ ರೋಗಿಗಳ ಶೆಡ್ಡಿಗೆ ಒಯ್ದುಬಿಡ್ತಾರೆ. ನನ್ನನ್ನ ಹತ್ತಿರಕ್ಕೂ ಬಿಡೋದಿಲ್ಲ." ಚಿಕ್ಕಪ್ಪ ಹಡಗಿನ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಚಿಕ್ಕಮ್ಮನಿಗೆ ಮನೆಯಲ್ಲಿದ್ದದ್ದು ಆ ಪಾಪು ಒಂದೇ.

ಕಾರ್ಡು ಕೊನೆಯ ಬೆಂಚು ಮುಟ್ಟಿ ಮಿಸ್ ಕೈಗೆ ವಾಪಸ್ ಬಂತು. ಯಾರೂ ನೋಡಿರಲಿಲ್ಲ. ಇವತ್ತೇನು ರೇಡಿಯೋ ಕೆಟ್ಟಿದೆಯಾ ಎಂದು ಮಿಸ್ ತಮಾಷೆ ಮಾಡಿದರು. ಇಡೀ ಕ್ಲಾಸು ನಕ್ಕಿತು. ರೇಡಿಯೋ ತಲೆ ಎತ್ತಲಿಲ್ಲ.

ಸ್ಕೂಲು ಬಿಟ್ಟ ಮೇಲೆ ಎಂದಿನಂತೆ ಗುಂಡಿ ಹಚ್ಚಿಕೊಡಲು ಚಿಕ್ಕಮ್ಮನ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಎದುರುಮನೆಯವರು ಫ್ರಾಕಿನ ಅಳತೆ ಕೊಡಿಸಲು ಮಗಳನ್ನು ಕರೆತಂದಿದ್ದರು. ಮೂರು ವರ್ಷದ ಪೋರಿ. ಚಿಕ್ಕಮ್ಮ ಟೇಪು ಹುಡುಕುವಷ್ಟರಲ್ಲಿ ಅವಳು ಉರುಳಿಹೋದ ದಾರದ ಉಂಡೆಯ ಹಿಂದೆ ಅಂಬೆಗಾಲಿಟ್ಟು, ಪರದೆಯ ಕೆಳಗೆ ಅರ್ಧ ನುಸುಳಿಬಿಟ್ಟಿದ್ದಳು. ರೇಡಿಯೋ ಕಾಲು ಹಿಡಿದು ಎಳೆದಳು. ಪೋರಿ ಕಿಲಕಿಲ ನಕ್ಕಳು.

ರೇಡಿಯೋ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮ ಟೇಪು ಹಿಡಿದು ಕಲ್ಲಿನಂತೆ ನಿಂತಿದ್ದಳು. ಗುಂಡಿಯ ಡಬ್ಬಿಯನ್ನು ಅಲ್ಲೇ ಇಟ್ಟು ಹುಡುಗಿ ಹೊರಗೆ ಓಡಿದಳು.

ಡಾಕ್ಟರಮ್ಮ ಸ್ಕೂಲಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. ಜೀಪು ಹೊರಡಲು ಗುರುಗುಡುತ್ತಿತ್ತು. ಮಿಸ್ ಸೆರಗು ಹಿಡಿದು ರೇಡಿಯೋ ಒಂದೇ ಉಸಿರಿಗೆ ಹೇಳಿದಳು: "ಚಿಕ್ಕಮ್ಮನ ಪಾಪುಗೆ ಇದೆ. ಆದ್ರೆ ಅವನನ್ನ ಒಯ್ಯಲ್ಲ ಅಂತ ಮೊದಲು ಮಾತು ಕೊಡೋಕೆ ಹೇಳಿ."

ಮಿಸ್ ಅದನ್ನು ಡಾಕ್ಟರಮ್ಮನ ಭಾಷೆಗೆ ತಿರುಗಿಸಿದರು. ಡಾಕ್ಟರಮ್ಮ ಒದ್ದೆ ಕೈಯಲ್ಲೇ ಮಂಡಿಯೂರಿ ಕೂತು, ಹುಡುಗಿಯ ಕಣ್ಣು ನೋಡಿಕೊಂಡು ನಿಧಾನವಾಗಿ ಉತ್ತರ ಹೇಳಿದರು, ಮಿಸ್ ಅದನ್ನು ಅವಳಿಗೆ ತಿಳಿಸಿದರು. ಮಗು ಅಮ್ಮನ ಜೊತೆ ಮನೆಯಲ್ಲೇ ಇರುತ್ತದೆ. ಯಾರೂ ಒಳಹೊರಗೆ ಓಡಾಡದಂತೆ ಬಾಗಿಲಿಗೆ ಕಾವಲು ಇಡುತ್ತೇವೆ, ಅಷ್ಟೆ.

ಚಿಕ್ಕಮ್ಮ ಬಾಗಿಲು ತೆರೆದಳು. ಜೀಪು ನೋಡಿದಳು, ರೇಡಿಯೋಳನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳತ್ತ ಬೆನ್ನು ತಿರುಗಿಸಿ ಒಳಗೆ ಹೋದಳು.

ಆ ಸಂಜೆ ಬೀದಿಯವರೆಲ್ಲ ಲಸಿಕೆಗೆ ಸಾಲು ನಿಂತರು. ಸೂಜಿಗೆ ಎರಡು ಪುಟ್ಟ ಕೋಡು. ತೋಳಿನ ಮೇಲೆ ಚುಕ್ ಚುಕ್ ಎಂದು ಹದಿನೈದು ಸಲ ಚುಚ್ಚಿದರೆ ಮುಗಿಯಿತು. ಎದುರುಮನೆಯ ಪೋರಿಗೆ ಚುಚ್ಚಿದರು, ರೇಡಿಯೋಗೂ ಚುಚ್ಚಿದರು. ಆ ಗುರುತು ಇಂದಿಗೂ ಅವಳ ತೋಳಿನ ಮೇಲೆ ಇದೆ. ಮೊಮ್ಮಕ್ಕಳು ಅದರ ಮೇಲೆ ಬೆರಳಾಡಿಸಿ, ಇದೇನಜ್ಜಿ, ರುಪಾಯಿ ಅಂಟಿಸಿಕೊಂಡಿದ್ದೀಯಾ ಎಂದು ಕೇಳುತ್ತಾರೆ.

ಹೊಲಿದಿಟ್ಟ ಬಟ್ಟೆಯನ್ನೆಲ್ಲ ಹಂಡೆಯಲ್ಲಿ ಕುದಿಸಿದರು. ಬಾಗಿಲಲ್ಲಿ ಕಾವಲುಗಾರ ಸ್ಟೂಲು ಹಾಕಿ ಕೂತ. ಒಂದು ವಾರ ಹೋಯಿತು, ಎರಡಾಯಿತು, ಆರಾಯಿತು. ಬೀದಿಯಲ್ಲಿ ಇನ್ನೊಂದು ಮಗುವಿಗೆ ಗುಳ್ಳೆ ಏಳಲಿಲ್ಲ. ಪಾಪು ಉಳಿದ. ಕೆನ್ನೆಯ ಮೇಲೆ ಕುಳಿಗಳೂ ಉಳಿದವು.

ಕಾವಲು ಎದ್ದ ಮೇಲೆ ರೇಡಿಯೋ ಮತ್ತೆ ಗುಂಡಿ ಹಚ್ಚಲು ಹೋದಳು. ಚಿಕ್ಕಮ್ಮ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹೊಲಿಗೆ ಮೆಷಿನ್ ಒಂದೇ ಕಟಕಟ ಅನ್ನುತ್ತಿತ್ತು.

ಮಾರನೇ ವರ್ಷ ಡಾಕ್ಟರಮ್ಮ ಮತ್ತೆ ಬಂದರು. ಕೆಳಗಿನ ಬೀದಿಯಲ್ಲಿ ಒಂದು ಮನೆಯ ಬಾಗಿಲು ತೆರೆಯಲೇ ಇಲ್ಲ. ಒಳಗೆ ಮಗು ನರಳುವುದು ಹೊರಗೆ ಕೇಳುತ್ತಿತ್ತು. ಮಿಸ್ ಕರೆದರು, ನೆರೆಯವರು ಕರೆದರು, ಅಗುಳಿ ಅಲ್ಲಾಡಲಿಲ್ಲ.

ಸುದ್ದಿ ಕೇಳಿ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. ಪಾಪುವನ್ನು ಸೊಂಟಕ್ಕೇರಿಸಿ ನಡೆದೇಬಿಟ್ಟಳು. ಅವನಿಗೆ ಒಮ್ಮೆ ಬಂದು ಹೋಗಿತ್ತಲ್ಲ, ಮತ್ತೆ ಅಂಟುವ ಭಯವಿರಲಿಲ್ಲ. ರೇಡಿಯೋ ಹಿಂದೆ ಹಿಂದೆ ಹೋದಳು.

ಚಿಕ್ಕಮ್ಮ ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ಮಾಡಿದಳು. "ಅಕ್ಕಾ, ನಾನೂ ಬಚ್ಚಿಟ್ಟಿದ್ದೆ. ಇವನನ್ನ ಯಾರೂ ಕಿತ್ಕೊಳ್ಳಲಿಲ್ಲ. ಇಲ್ಲೇ ಇದ್ದಾನೆ, ಕಿಟಕಿಯಿಂದ ನೋಡು."

ಕಿಟಕಿ ಬೆರಳಷ್ಟು ತೆರೆಯಿತು. ಎರಡು ಕಣ್ಣು ಪಾಪುವಿನ ಕೆನ್ನೆಯನ್ನು ಬಹಳ ಹೊತ್ತು ನೋಡಿದವು. ಆಮೇಲೆ ಅಗುಳಿ ಸರಿಯಿತು.

ಹೊಸಿಲು ದಾಟುವ ಮುಂಚೆ ಚಿಕ್ಕಮ್ಮ ಹಿಂದೆ ತಿರುಗಿದಳು. ಎಲ್ಲರಿಂದ ದೂರ ಬೀದಿಯಲ್ಲಿ ಒಬ್ಬಳೇ ನಿಂತಿದ್ದ ಹುಡುಗಿಯತ್ತ ಕೈ ಚಾಚಿ, "ನೀನೂ ಬಾ, ಪುಟ್ಟಾ" ಎಂದಳು.

ರೇಡಿಯೋ ಆ ಕೈ ಹಿಡಿದಳು. "ಆ ಶೆಡ್ಡು ನೆನಪಾದ್ರೆ ನಂಗೆ ಇವತ್ತಿಗೂ ಹೆದರಿಕೆ" ಎಂದಳು ಚಿಕ್ಕಮ್ಮ, ಅವಳ ಕಿವಿಯ ಹತ್ತಿರ ಬಗ್ಗಿ. ಇಡೀ ವರ್ಷ ತಾನು ಸಿಟ್ಟು ಎಂದುಕೊಂಡದ್ದು ಬರೀ ಸಿಟ್ಟಾಗಿರಲಿಲ್ಲ, ಹೆದರಿಕೆಯೂ ಆಗಿತ್ತು ಎಂದು ಹುಡುಗಿಗೆ ಆಗ ತಿಳಿಯಿತು. ಅವಳು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಒಳಗೆ ಕಾಲಿಟ್ಟಳು.