ತೆರೆಯದ ಎಂಟು ಬಾಟಲಿಗಳು

2024ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ 10.20ಕ್ಕೆ ನೀಲಾವತಿ ಮೂಡುಬಿದಿರೆ ಠಾಣೆಗೆ ಬಂದರು. ಮಿಜಾರಿನಲ್ಲಿ ನೀರು ಪರೀಕ್ಷೆ ಮಾಡುವ ಖಾಸಗಿ ಪ್ರಯೋಗಾಲಯದ ಮುಖ್ಯಸ್ಥೆ, ವಯಸ್ಸು ಐವತ್ತೆರಡು. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ಬಂಟ್ವಾಳದ ಒಂದು ಕಾರ್ಖಾನೆ ತಯಾರಿಸುವ, ಯಂತ್ರದ ಜಿಡ್ಡು ತೊಳೆಯುವ ದ್ರಾವಣ ನೀರಿನಲ್ಲಿ ಬೇಗ ಕೊಳೆತುಹೋಗುತ್ತದೆ ಎಂದು ತಮ್ಮ ಸಹಾಯಕ ಚಿದಾನಂದ ಸುಳ್ಳು ವರದಿ ಬರೆದಿದ್ದಾನೆ. ಅದನ್ನು ನಂಬಿ ತಾವು ಸಹಿ ಹಾಕಿದ್ದಾಗಿ ಅದರಲ್ಲಿತ್ತು.

ವರದಿಯನ್ನು ತೋರಿಸಿ ಕಾರ್ಖಾನೆ ದ್ರಾವಣವನ್ನು ಪಕ್ಕದಲ್ಲಿ ಹರಿಯುವ ತೋಡಿಗೆ ಬಿಟ್ಟಿತ್ತು. ಹದಿನೈದು ದಿನಕ್ಕೆ ತೋಡು ನೊರೆಯಾಯಿತು. ಅಲ್ಲಿ ಬಲೆ ಹಾಕುವ ಮೂಸಾ ಒಂದು ಬುಟ್ಟಿ ಸತ್ತ ಮೀನು ತಂದು ಬಂಟ್ವಾಳ ಠಾಣೆಯ ಮೆಟ್ಟಿಲ ಮೇಲೆ ಸುರಿದಿದ್ದ.

"ಅಲ್ಲಿಯವರು ನನ್ನನ್ನೇ ಕರೆಯುತ್ತಾರೆ. ಸಹಿ ನನ್ನದು," ಎಂದರು ನೀಲಾವತಿ. "ಹನ್ನೊಂದು ವರ್ಷ ಅವನಿಗೆ ಕೆಲಸ ಕಲಿಸಿದ್ದೇನೆ. ಬೆನ್ನಿಗೇ ಚೂರಿ ಹಾಕಿದ."

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಮರುದಿನ ಇನ್‌ಸ್ಪೆಕ್ಟರ್ ದಮಯಂತಿ, ಹೆಡ್ ಕಾನ್‌ಸ್ಟೇಬಲ್ ಉಮ್ಮರ್ ಮತ್ತು ಇಬ್ಬರು ಪಂಚರು ಮಿಜಾರಿಗೆ ಹೋದರು.

ಚಿದಾನಂದ ಕೊಕ್ಕಡದವನು, ಮೂವತ್ತನಾಲ್ಕು ವರ್ಷ, ತೆಳ್ಳಗಿನ ಆಳು. ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ದಮಯಂತಿ ಕೇಳಿದಾಗ ಶಾಲೆಯ ಮಾಸ್ಟರರ ಹಾಗೆ ವಿವರಿಸಿದ. ಚಾರ್ಮಾಡಿಯ ಹೊಳೆಯಿಂದ ನೀರು ತರುತ್ತಾರೆ. ಕಾರ್ಖಾನೆಯ ಹತ್ತಿರದ ನೀರು ಆಗುವುದಿಲ್ಲ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆ ದ್ರಾವಣ ಮೊದಲೇ ಅಭ್ಯಾಸವಾಗಿರುತ್ತದೆ. ಆ ನೀರಿಗೆ ದ್ರಾವಣದ ಒಂದಿಷ್ಟು ಪಾಲು ಬೆರೆಸಿ, ಗಾಳಿಯಾಡದಂತೆ ಬಾಟಲಿ ಮುಚ್ಚಿ, ಕತ್ತಲ ಪೆಟ್ಟಿಗೆಯಲ್ಲಿ ಇಪ್ಪತ್ತೆಂಟು ದಿನ ಇಡುತ್ತಾರೆ. ಜೀವಿಗಳು ದ್ರಾವಣವನ್ನು ತಿಂದರೆ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ವಾರಕ್ಕೆ ಎರಡರಂತೆ ಬಾಟಲಿ ತೆರೆದು ಅದನ್ನು ಅಳೆಯಬೇಕು. ಒಮ್ಮೆ ತೆರೆದದ್ದು ಮತ್ತೆ ಉಪಯೋಗಕ್ಕಿಲ್ಲ. ದ್ರಾವಣ ಕೊಳೆತದ್ದು ಶೇಕಡಾ ಅರವತ್ತು ದಾಟಿದರೆ ಪಾಸು.

"ನಮ್ಮ ಠಾಣೆಯ ಟಾಂಕಿಯಲ್ಲೂ ಈ ಜೀವಿಗಳು ಉಂಟಾ?" ಎಂದು ಉಮ್ಮರ್ ಕೇಳಿದ.

"ಸಾಕಷ್ಟು ಉಂಟು," ಎಂದ ಚಿದಾನಂದ.

"ಹಾಗಾದರೆ ನಾನು ಚಹಾ ಮನೆಯಲ್ಲೇ ಕುಡಿಯುವುದು ಒಳ್ಳೆಯದು ಮಾರಾಯ."

ವರದಿಯಲ್ಲಿ ಶೇಕಡಾ 71 ಎಂದಿತ್ತು. ಜನವರಿ 8ಕ್ಕೆ ಇಟ್ಟ ಬಾಟಲಿಗಳನ್ನು ಜನವರಿ 15, 22, 29, ಫೆಬ್ರವರಿ 5ಕ್ಕೆ ತೆರೆದದ್ದೆಂದಿತ್ತು: ನಾಲ್ಕು ಸೋಮವಾರ, ಎಂಟು ಬಾಟಲಿ.

ಉಮ್ಮರ್ ಕತ್ತಲ ಪೆಟ್ಟಿಗೆಯ ಬಾಗಿಲು ತೆಗೆದ. ಕೆಳಗಿನ ಸಾಲಿನಲ್ಲಿ ಅದೇ ತಾರೀಕುಗಳ ಚೀಟಿ ಅಂಟಿಸಿದ ಬಾಟಲಿಗಳಿದ್ದವು. ಅವನು ಎರಡು ಸಲ ಎಣಿಸಿದ. ಎಂಟು. ಎಲ್ಲವಕ್ಕೂ ಬಿರಡೆ ಇತ್ತು. ಗಾಳಿ ನುಗ್ಗದಿರಲೆಂದು ಬಿರಡೆಯ ಸುತ್ತ ಬಾಟಲಿಯ ಬಾಯಲ್ಲಿ ನೀರು ನಿಲ್ಲಿಸುವ ಕ್ರಮವಿದೆ. ಎಂಟರಲ್ಲೂ ನೀರು ನಿಂತಿತ್ತು; ಒಂದನ್ನೂ ತೆರೆದಿರಲಿಲ್ಲ.

"ಈ ನೀರು ಆರುವುದಿಲ್ಲವಾ?" ಎಂದು ದಮಯಂತಿ ಕೇಳಿದರು.

"ಆರ್ತದೆ ಮೇಡಂ. ಎರಡು ದಿನಕ್ಕೊಮ್ಮೆ ಹಾಕಬೇಕು."

"ಯಾರು ಹಾಕುವುದು?"

"ನಾನೇ."

"ಪರೀಕ್ಷೆ ಮುಗಿದು ತಿಂಗಳ ಮೇಲಾಯಿತು."



ಮಧ್ಯಾಹ್ನ 2.30ಕ್ಕೆ ಮಂಗಳೂರಿನಿಂದ ಬಂದ ತಜ್ಞೆ ಪಂಚರ ಎದುರು ಎರಡು ಬಾಟಲಿ ತೆರೆದು ಅಳೆದರು. ಅರವತ್ತನಾಲ್ಕು ದಿನ ಕಳೆದರೂ ಆಮ್ಲಜನಕ ಅಷ್ಟೇನೂ ಇಳಿದಿರಲಿಲ್ಲ. ಲೆಕ್ಕ ಹಾಕಿದರೆ ಕೊಳೆತದ್ದು ಶೇಕಡಾ 20. ಪಂಚನಾಮೆ ಬರೆದು, ಉಳಿದ ಆರು ಬಾಟಲಿಗಳಿಗೆ ಅರಗಿನ ಮೊಹರು ಹಾಕಲಾಯಿತು.

ಸಂಜೆ ಠಾಣೆಯಲ್ಲಿ ದಮಯಂತಿ ಪ್ರಯೋಗಾಲಯದ ರಿಜಿಸ್ಟರನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಅದೇ ದ್ರಾವಣದ ಹೆಸರು ಮತ್ತೆರಡು ಕಡೆ ಸಿಕ್ಕಿತು. ಹಿಂದಿನ ವರ್ಷದ ಅಕ್ಟೋಬರ್ 9ರಿಂದ ನವೆಂಬರ್ 6: ಶೇಕಡಾ 19. ನವೆಂಬರ್ 20ರಿಂದ ಡಿಸೆಂಬರ್ 18: ಶೇಕಡಾ 17. ಎರಡಕ್ಕೂ ವರದಿ ಹೊರಟಿರಲಿಲ್ಲ. ಅಂಚಿನಲ್ಲಿ ನೀಲಾವತಿಯ ಅಕ್ಷರದಲ್ಲಿ 'ಪುನಃ ಮಾಡುವುದು' ಎಂದಿತ್ತು. ದೂರಿನಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಮಾರ್ಚ್ 13, ಬುಧವಾರ ಇಬ್ಬರನ್ನೂ ಎದುರುಬದುರು ಕೂರಿಸಿ ರಿಜಿಸ್ಟರ್ ತೆರೆದಿಟ್ಟರು. ದ್ರಾವಣ ಪಾಸಾದರೆ ಕಾರ್ಖಾನೆಯವರು ಎರಡು ವರ್ಷದ ಪರೀಕ್ಷೆಗಳನ್ನೆಲ್ಲ ತಮಗೇ ಕೊಡುವುದಾಗಿ ಹೇಳಿದ್ದರೆಂದು ನೀಲಾವತಿ ಒಪ್ಪಿಕೊಂಡರು. ಮೊದಲೆರಡು ಸಲ ಎಲ್ಲೋ ತಪ್ಪಾಗಿರಬಹುದೆಂದು ತಮಗೆ ಅನ್ನಿಸಿತ್ತಂತೆ. ಆಮೇಲೆ ಚಿದಾನಂದನ ಕಡೆ ತಿರುಗಿದರು.

"ಸುಳ್ಳು ಬರೆ ಅಂತ ನಾನು ಹೇಳಿದ್ದೇನಾ ಚಿದು?"

"ಇಲ್ಲ ನೀಲಕ್ಕ."

"ಮತ್ತೆ?"

"ಇನ್ನೊಮ್ಮೆ ನೋಡು ಅಂದಿರಿ. ಎರಡನೇ ಸಲವೂ ಅದನ್ನೇ ಅಂದಿರಿ. ತಪ್ಪು ಎಲ್ಲಿ ಅಂತ ಒಮ್ಮೆಯೂ ಹೇಳಲಿಲ್ಲ." ಅವನು ಮುಂದುವರಿಸಿದ: "71 ಕಂಡಾಗ ನೀವು ಪುಟ ತಿರುಗಿಸಿಯೂ ನೋಡಲಿಲ್ಲ. ಲಡ್ಡು ತರಿಸಿದಿರಿ. ಈಗ ನನ್ನ ಮೇಲೆ ದೂರು."

ನೀಲಾವತಿ ಮೇಜಿನ ಮೇಲಿದ್ದ ಕನ್ನಡಕವನ್ನು ತೆಗೆದು ಹಾಕಿಕೊಂಡರು, ಮತ್ತೆ ತೆಗೆದರು.

ಸಂಜೆ 5.40ಕ್ಕೆ ಚಿದಾನಂದನ ಬಂಧನವಾಯಿತು. ಮೊದಲಿನ ಎರಡು ಫಲಿತಾಂಶ ಗೊತ್ತಿದ್ದೂ ವರದಿಗೆ ಸಹಿ ಹಾಕಿದ ಬಗ್ಗೆ ವಿವರಣೆ ಕೇಳಿ ನೀಲಾವತಿಗೂ ನೋಟಿಸು ಕೊಡಲಾಯಿತು. ದೂರುದಾರರ ಹೆಸರನ್ನು ಆರೋಪಿಗಳ ಸಾಲಿಗೆ ಸೇರಿಸಲು ಅನುಮತಿ ಕೋರಿ ದಮಯಂತಿ ಮೇಲಧಿಕಾರಿಗೆ ಬರೆದರು.

ಚಿದಾನಂದನ ಹೇಳಿಕೆಯ ಕೊನೆಯ ಪುಟ ಬರೆದುಕೊಳ್ಳುತ್ತಿದ್ದ ಉಮ್ಮರ್, ತನಗೇ ತಿಳಿಯಬೇಕೆಂಬಂತೆ ಕೇಳಿದ: ಹೇಗೂ ಸುಳ್ಳು ಬರೆಯುವವನು ಬಾಟಲಿ ತೆರೆದು ತೊಳೆದಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ?

"ತೆರೆದರೆ ಅಳೆಯಬೇಕು," ಎಂದ ಚಿದಾನಂದ. "ಅಳೆದ ಮೇಲೆ ಬೇರೆ ಸಂಖ್ಯೆ ಬರೆಯಲು ನನ್ನಿಂದ ಆಗುವುದಿಲ್ಲ. ಹಾಗೆ ಕಲಿಸಿದ್ದು ನೀಲಕ್ಕನೇ."